ಮುಖ ನೋಡದೆ ಹಿಡಿದ ಕೈ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳಿಬಿಡುತ್ತೇನೆ. ಅಂಡಮಾನಿನ ಒಂದು ಸಣ್ಣ ದ್ವೀಪದ ಪಡುವಣ ಬದಿ. ಹವಳದ ದಿಬ್ಬ ಮುಗಿದು ಬಿಳಿ ಮರಳು ಶುರುವಾಗುವ ಅಂಚು. ನೀರಿನ ಮೇಲ್ಮೈಯಿಂದ ನಲವತ್ತು ಅಡಿ ಕೆಳಗೆ. ಎಂಬತ್ತೈದನೆಯ ಇಸವಿಯ ನವೆಂಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ನಿಮಿಷದ ಲೆಕ್ಕ ಹೇಗೆ ನೆನಪಿದೆಯೆಂದರೆ, ಕೈಗಡಿಯಾರ ನೋಡಿ ಅದನ್ನು ಆಗಷ್ಟೇ ಬರೆಯುವ ಹಲಗೆಯ ಮೇಲೆ ಗೀಚಿದ್ದೆ. ನಿಂತಿದ್ದೆ ಎನ್ನುವುದೂ ಪೂರ್ತಿ ಸರಿಯಲ್ಲ, ಮೊಣಕಾಲೂರಿದ್ದೆ. ಎಡಗೈಯಲ್ಲಿ ಹಲಗೆ ಇತ್ತು. ಬಲಗೈ ಖಾಲಿ ಇತ್ತು. ಇಷ್ಟನ್ನು ಆಣೆ ಮಾಡಿ ಹೇಳಬಲ್ಲೆ. ಮುಂದಿನದನ್ನು ಆಣೆಯಿಲ್ಲದೆ, ಆದರೆ ಒಂದೂ ಮಾತು ಸೇರಿಸದೆ ಹೇಳುತ್ತೇನೆ.

ಈ ಮಾತು ಈಗ ಏಕೆ ಬಂತೆಂದರೆ, ಹೋದ ವಾರ ಅಣ್ಣಿಗೇರಿಯಿಂದ ಹೊಸ ಬೀಗರು ಬಂದಿದ್ದರು. ಬಾಗಿಲಲ್ಲೇ ಸಂಭ್ರಮದಿಂದ ಕೈ ಚಾಚಿದರು. ನಾನು ಕೈಯನ್ನೇನೋ ಹಿಡಿದೆ, ಆದರೆ ಮುಖವನ್ನು ಆಚೆ ಬೇವಿನ ಮರದ ಕಡೆ ತಿರುಗಿಸಿದೆ. ಅವರು ಹೋದ ಮೇಲೆ ನನ್ನಾಕೆ ಬಿಡಲಿಲ್ಲ.

"ಬೀಗರು ಕೈ ಕೊಟ್ರ, ಆಕಳಾ ಕೊಳ್ಳಾಕ ಬಂದಾವರಂಗ ಅತ್ತಾಗ ನೋಡೂದೇನ್ರಿ? ಅವರು ಏನ ತಿಳ್ಕೊಂಡಿರಬೇಕು?"

"ಚಟಾ," ಎಂದೆ.

"ಬೀಡಿ ಚಟಾ ಬಿಟ್ರಿ, ಇದನ್ನ ಬಿಡಾಕ ಆಗಂಗಿಲ್ಲ?"

ಆಗುವುದಿಲ್ಲ. ಅದು ಅಪ್ಪನಿಂದ ಬಂದದ್ದು. ಅಪ್ಪ ಮೊರಬದಲ್ಲಿ ದನದ ದಲ್ಲಾಳಿ. ಹೊಲ ಅಷ್ಟಿಷ್ಟು ಇತ್ತು, ಆದರೆ ಅವನ ಮನಸ್ಸೆಲ್ಲ ಸುತ್ತಲಿನ ದನದ ಸಂತೆಗಳಲ್ಲಿತ್ತು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಇಬ್ಬರ ಕೈಗಳ ಮೇಲೆ ಹೊದಿಸಿ, ಅದರ ಮರೆಯಲ್ಲಿ ಬೆರಳು ಒತ್ತಿ ಮಾತಾಡುತ್ತಾರೆ. ಒಬ್ಬ ಐದು ಬೆರಳು ಹಿಡಿದರೆ ಇನ್ನೊಬ್ಬ ನಾಲ್ಕು ಹಿಡಿಯುತ್ತಾನೆ. ಸುತ್ತ ನಿಂತವರಿಗೆ ಬಟ್ಟೆ ಅಲುಗಿದ್ದಷ್ಟೇ ಕಾಣುತ್ತದೆ. ಆ ಹೊತ್ತಿನಲ್ಲಿ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಬಾರದು. ಒಬ್ಬ ಆಕಾಶ ನೋಡುತ್ತಾನೆ, ಇನ್ನೊಬ್ಬ ಎತ್ತಿನ ಬಾಲ ನೋಡುತ್ತಾನೆ. ಮುಖ ನೋಡುವುದು ಮರ್ಯಾದೆಯಲ್ಲ. ನನಗೆ ಏಳೆಂಟು ವರ್ಷವಿದ್ದಾಗ ಅಪ್ಪ ಸಂಜೆ ಕಟ್ಟೆಯ ಮೇಲೆ ಕೂತು, ಅದೇ ವಲ್ಲಿಯ ಕೆಳಗೆ ನನ್ನ ಕೈ ಹಿಡಿದು ಈ ವಿದ್ಯೆ ಕಲಿಸಿದ. ನಾನು ಕತ್ತೆತ್ತಿ ಅವನನ್ನು ನೋಡಿದರೆ ಕಿವಿ ಹಿಂಡುತ್ತಿದ್ದ.

"ಮಾರಿ ಯಾಕ ನೋಡ್ತಿ ಲೇ? ಮಾರಿ ಸುಳ್ಳ ಹೇಳತೈತಿ. ಬಟ್ಟು ಹೇಳಂಗಿಲ್ಲ."

ಕಿವಿ ಹಿಂಡಿಸಿಕೊಂಡು ಕಲಿತದ್ದು ಮರೆಯುವುದಿಲ್ಲ. ಮುಂದೆ ನನ್ನ ಲಗ್ನದಲ್ಲಿ ಕೈಮೇಲೆ ಕೈ ಇಟ್ಟು ಧಾರೆ ಎರೆಯುವಾಗಲೂ ನಾನು ಚಪ್ಪರದ ಗಳ ನೋಡುತ್ತಿದ್ದೆನಂತೆ. ಹೆಣ್ಣಿನ ಕಡೆಯವರಲ್ಲಿ ಒಬ್ಬಾಕೆ, "ಹುಡುಗಗ ಕಣ್ಣು ಸರಿ ಅದಾವ ಹೌದಲ್ಲೋ?" ಎಂದು ಕೇಳಿದ್ದಳಂತೆ.

ಮೊರಬದವನು ಸಮುದ್ರದ ತಳಕ್ಕೆ ಹೋದದ್ದು ಹೇಗೆ ಎಂದು ನೀವು ಕೇಳಬಹುದು. ನ್ಯಾಯವಾಗಿ ಹೋಗಬಾರದಾಗಿತ್ತು. ನಮ್ಮದು ಎರೆಭೂಮಿ. ಬಾವಿ ತೋಡಿದರೆ ಸವಳು ನೀರು. ಕುಡಿಯಲು ಇರುವುದು ಊರ ಕೆರೆ ಒಂದೇ. ಆ ಕೆರೆಗೆ ಯಾರೂ ಇಳಿಯುವ ಹಾಗಿಲ್ಲ. ಚಪ್ಪಲಿ ಏರಿಯ ಆಚೆ ಬಿಟ್ಟು, ಮೆಟ್ಟಿಲ ಮೇಲೆ ನಿಂತು ಕೊಡ ತುಂಬಿಕೊಂಡು ಬರಬೇಕು. ಒಮ್ಮೆ ನನ್ನ ಹೆಬ್ಬೆರಳು ನೀರಿಗೆ ತಾಗಿತೆಂದು ಕೆರೆ ಕಾಯುವವನು ಬೆನ್ನಮೇಲೆ ಬಾರಿಸಿದ ಬಡಿಗೆಯ ಪೆಟ್ಟು ಇನ್ನೂ ನೆನಪಿದೆ. ಹಾಗಾಗಿ ಈಜು ಬರುತ್ತಿರಲಿಲ್ಲ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ, ಅಂಡಮಾನಿನಲ್ಲಿ ಹವಳದ ಅಧ್ಯಯನಕ್ಕೆ ಸಹಾಯಕರು ಬೇಕು ಎಂಬ ಜಾಹೀರಾತಿಗೆ ಅರ್ಜಿ ಹಾಕಿದಾಗ, ಕೆಲಸವೆಲ್ಲ ಮೇಜಿನ ಮೇಲೆ, ಬಾಟಲಿಯೊಳಗೆ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿಗೆ ಹೋದ ಮೇಲೆ ಈಜು ಕಲಿಸಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಬಾಯಿಗೆ ರಬ್ಬರಿನ ಕೊಳವೆ ಕೊಟ್ಟು ಕೆಳಗೆ ಬಿಟ್ಟರು.

ಅಲ್ಲಿ ನನ್ನ ಜೊತೆಗಾರ ನಾಗಪ್ಪ, ಕಲಘಟಗಿ ಕಡೆಯ ದೇವಿಕೊಪ್ಪದವನು. ಅವನು ಎಮ್ಮೆಯ ಬೆನ್ನ ಮೇಲೆ ಕೂತು ಕೆರೆ ದಾಟುತ್ತ ಬೆಳೆದವನು. ನನ್ನದೇ ಜಿಲ್ಲೆ ಎಂದು ಗೊತ್ತಾದ ದಿನ ಅಪ್ಪಿಕೊಂಡ, ಮರುದಿನದಿಂದ ಕಾಡಿಸಲು ಶುರು ಮಾಡಿದ. ಸಮುದ್ರಕ್ಕೆ ಇಳಿಯುವ ಮುನ್ನ ನಾನು ಚಪ್ಪಲಿ ದೂರ ಬಿಟ್ಟು, ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆ.

"ಏ ಮೊರಬದಾಂವ, ಇದನ್ನೇನ ಕೊಡದಾಗ ತುಂಬಿಸ್ಕೊಂಡ ಮನಿಗೆ ಒಯ್ತಿಯೇನ್ಲೇ? ಇಳಿ ಇಳಿ, ಯಾರೂ ಬಡಿಯಾಂಗಿಲ್ಲ."

ಆದರೆ ಆ ಜಾಗಕ್ಕೆ ನನ್ನ ಅಭ್ಯಾಸವೇ ಸರಿಯಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅದು ಸಮುದ್ರದ ಅಭಯಾರಣ್ಯ. ಸತ್ತ ಚಿಪ್ಪನ್ನೂ ಎತ್ತಿ ತರುವಂತಿಲ್ಲ, ಹವಳದ ಮೇಲೆ ಕಾಲಿಡುವಂತಿಲ್ಲ. ಮೊದಲ ರಜೆಗೆ ಊರಿಗೆ ಬಂದಾಗ ಅಪ್ಪ ನನ್ನ ಚೀಲ ತಡವಿ, "ಅಷ್ಟ ದೂರ ಹೋಗಿ ಒಂದ ಶಂಖಾ ತರಲಿಲ್ಲ? ಖಾಲಿ ಕೈಲೆ ಬಂದಿ?" ಎಂದು ಬೇಜಾರು ಮಾಡಿಕೊಂಡಿದ್ದ.

ತಳದಲ್ಲಿ ಕಾಣುತ್ತಿದ್ದದ್ದೆಲ್ಲ ನನಗೆ ನಮ್ಮೂರಿನ ಸಾಮಾನಿನ ಹಾಗೆಯೇ ಕಾಣುತ್ತಿತ್ತು. ಕೆಲವು ಹವಳ ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಹೊಲದ ಬಿರುಕಿನಂತೆ, ಕೆಲವು ಎತ್ತಿನ ಕೋಡುಗಳನ್ನು ರಾಶಿ ಹಾಕಿದಂತೆ. ಸತ್ತ ಹವಳ ಮಾತ್ರ ಹಳ್ಳದ ದಂಡೆಯಲ್ಲಿ ಬಿಸಿಲಿಗೆ ಬೆಳ್ಳಗಾದ ದನದ ಎಲುಬು. ಮತ್ತು ಅಲ್ಲಿ ಸದ್ದಿದೆ. ನೀರೊಳಗೆ ಮೌನ ಎಂದು ಹೇಳುವವರು ಇಳಿದವರಲ್ಲ. ಗಿಳಿಯ ಕೊಕ್ಕಿನಂಥ ಬಾಯಿಯ ಮೀನುಗಳು ಹವಳವನ್ನು ಕಡಿದು ಅಗಿಯುತ್ತವೆ. ಕತ್ತಲ ಕೊಟ್ಟಿಗೆಯ ಗ್ವಾದಲಿಯಲ್ಲಿ ಎತ್ತು ಜೋಳದ ಕಣಕಿ ಅಗಿದಂತೆ, ಕಟಕಟ, ಕಟಕಟ. ಆ ಸದ್ದು ಯಾವ ದಿಕ್ಕಿನಿಂದ ಬರುತ್ತದೆ ಎಂದು ನೀರಿನಲ್ಲಿ ತಿಳಿಯುವುದಿಲ್ಲ. ಅಗಿಯುವ ಎತ್ತು ನಿಮ್ಮ ತಲೆಯೊಳಗೇ ನಿಂತಿರುತ್ತದೆ.

ಕೆಳಗೆ ಇಬ್ಬರು ಜೊತೆಯಾಗಿರಬೇಕು, ಒಬ್ಬರ ಮುಖ ಒಬ್ಬರು ನೋಡಿ ಸನ್ನೆ ಮಾಡಬೇಕು ಎಂದು ನಮಗೆ ಕಲಿಸಿದ್ದರು. ನಾನು ನಾಗಪ್ಪನಿಗೆ ಅಪ್ಪನ ವಿದ್ಯೆ ಕಲಿಸಿದೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮಾಪಕ ಒಂದಿರುತ್ತದೆ. ಒಂದು ಬೆರಳೆಂದರೆ ಹತ್ತು ಎಂದು ನಾವು ಗೊತ್ತುಮಾಡಿಕೊಂಡೆವು. ಐದೂ ಬೆರಳು ಒಟ್ಟಿಗೆ ಹಿಡಿದರೆ ಐವತ್ತು. ಐವತ್ತಾದರೆ ದೋಣಿಯ ಲಂಗರಿನ ಹಗ್ಗದ ಬಳಿ ಇರಬೇಕು. ಕೆಲಸ ನಿಲ್ಲಿಸದೆ, ಹವಳದ ಮೇಲಿನ ಕಣ್ಣು ತೆಗೆಯದೆ ಕೈ ಹಿಡಿದು ಹೇಳಿಬಿಡಬಹುದು. ನಮ್ಮ ಸಾಹೇಬರು ಒಮ್ಮೆ ಇದನ್ನು ಕಂಡು ದೋಣಿಯಲ್ಲಿ ಬೈದರು. "ಮುಖ ನೋಡಿ. ಅವನ ಕಣ್ಣು ನೋಡಿ. ನೀರಿನಲ್ಲಿ ಕೈಯನ್ನು ನಂಬಬೇಡಿ," ಎಂದರು. ನಾವು ತಲೆಯಾಡಿಸಿದೆವು. ಅವರಿಲ್ಲದ ದಿನ ಮತ್ತೆ ಅದನ್ನೇ ಮಾಡಿದೆವು.

ಆ ಮಂಗಳವಾರ ಸಾಹೇಬರು ಬಂದಿರಲಿಲ್ಲ. ದೋಣಿಯಲ್ಲಿ ಇದ್ದವರು ಮೂವರು: ನಾನು, ನಾಗಪ್ಪ, ದೋಣಿ ನಡೆಸುವ ಪೀಟರ್. ಸುತ್ತ ಬೇರೆ ದೋಣಿ ಇರಲಿಲ್ಲ. ಹಿಂದಿನ ದಿನ ಮಳೆಯಾಗಿತ್ತು. ನಾನು ಮತ್ತು ನಾಗಪ್ಪ ಇಳಿದು, ಅಳತೆಯ ಪಟ್ಟಿ ಹಾಸಿ, ಅದರುದ್ದಕ್ಕೆ ಬದುಕಿದ ಹವಳ ಎಷ್ಟು, ಸತ್ತದ್ದೆಷ್ಟು ಎಂದು ಬರೆಯುತ್ತಿದ್ದೆವು. ನಾನು ಹತ್ತು ನಲವತ್ತು ಎಂದು ಬರೆದು ಮುಗಿಸುತ್ತಿದ್ದಂತೆ ನಾಗಪ್ಪ ನನ್ನ ಬಲಗೈ ಹಿಡಿದು ಜಗ್ಗಿದ. ಅವನ ಬೆರಳಿನ ತಾಮ್ರದ ಉಂಗುರ ನನಗೆ ಒತ್ತಿತು. ಗಾಳಿಯ ಲೆಕ್ಕ ಹೇಳುತ್ತಿದ್ದಾನೆ ಎಂದುಕೊಂಡು, ಆಯಿತು ಎಂಬಂತೆ ತಿರುಗಿ ಒತ್ತಿದೆ. ನೋಡಲಿಲ್ಲ. ನಾನು ಒಂದು ಕೋಡಿನ ಹವಳ ನೋಡುತ್ತಿದ್ದೆ. ಅವನ ಮೂಗಿನಿಂದ ರಕ್ತ ಬಂದು ಮುಖವಾಡದ ಗಾಜು ಕೆಂಪಾಗಿತ್ತು. ಮೇಲೆ ಹೋಗೋಣ ಎಂದು ಇನ್ನೊಂದು ಕೈಯಿಂದ ಹೆಬ್ಬೆರಳು ತೋರಿಸುತ್ತಿದ್ದ. ನಾನು ಒತ್ತಿದ್ದರಿಂದ ಹಿಂದೆಯೇ ಬರುತ್ತೇನೆ ಎಂದು ತಿಳಿದು ಅವನು ಹೊರಟುಹೋದ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ನಂತರ ನೀರು ಕೆಂಪಾಯಿತು. ರಕ್ತದಿಂದಲ್ಲ, ಕೆಸರಿನಿಂದ. ಕಡಲಿನ ಇಳಿತದ ಸೆಳೆತ ಶುರುವಾಗಿ, ದ್ವೀಪದ ತೊರೆಯ ಮಳೆನೀರು ಹವಳದ ಮೇಲೆ ಬಂತು. ಬಾಗಿಲು ಮುಚ್ಚಿದಷ್ಟು ಬೇಗ ಬಂತು. ಅಗಿಯುವ ಸದ್ದು ಒಮ್ಮೆಲೇ ನಿಂತಿತು. ನನಗೆ ಮೊದಲು ಹೆದರಿಕೆ ಹುಟ್ಟಿಸಿದ್ದು ಆ ನಿಲುಗಡೆ, ಕೆಸರಲ್ಲ. ನನಗೆ ಒಂದು ಮೊಳ ದೂರ ಕಾಣುತ್ತಿತ್ತು, ಅದಕ್ಕಿಂತ ಹೆಚ್ಚಿಲ್ಲ. ಅಳತೆಯ ಪಟ್ಟಿ ಸೆಳೆತಕ್ಕೆ ಎದ್ದು ಹೋಗಿತ್ತು. ನಾಗಪ್ಪ ಇರಲಿಲ್ಲ. ಮಾಪಕವನ್ನು ಗಾಜಿಗೆ ಒತ್ತಿ ನೋಡಿದೆ. ಐವತ್ತು.

ಅಲ್ಲಿಂದಲೇ ಮೇಲೆದ್ದರೆ ಆಗುತ್ತಿರಲಿಲ್ಲವೇ ಎಂದು ಕೇಳಿದವರಿದ್ದಾರೆ. ಆಗುತ್ತಿರಲಿಲ್ಲ. ಇಳಿತದ ಹೊತ್ತಿನಲ್ಲಿ ಹಗ್ಗ ಹಿಡಿಯದೆ ಎದ್ದವನನ್ನು ಸೆಳೆತ ದಿಬ್ಬದ ಅಂಚು ದಾಟಿಸಿ ತೆರೆದ ಕಡಲಿಗೆ ಒಯ್ಯುತ್ತದೆ. ಅಲೆಗಳ ನಡುವೆ ಒಂದು ತಲೆಯನ್ನು ದೋಣಿಯಿಂದ ಹುಡುಕುವುದು ಕಡಲೆ ಹೊಲದಲ್ಲಿ ಬಿದ್ದ ಅಂಗಿಯ ಗುಂಡಿ ಹುಡುಕಿದ ಹಾಗೆ. ನನಗೆ ಹಗ್ಗ ಬೇಕಿತ್ತು. ಹಗ್ಗ ಯಾವ ದಿಕ್ಕಿಗಿದೆ ಎಂದು ಗೊತ್ತಿರಲಿಲ್ಲ.

ಆಗ ನನ್ನ ಬಲಗೈಯೊಳಗೆ ಒಂದು ಕೈ ಬಂತು.

ಹಿಂದಿನಿಂದ, ಸ್ವಲ್ಪ ಕೆಳಗಿನಿಂದ ಬಂತು. ಮೊದಲು ಅಂಗೈಯನ್ನು ಪೂರ್ತಿ ಮುಟ್ಟಿತು, ಸಂತೆಯಲ್ಲಿ ಶುರು ಮಾಡುವ ಹಾಗೆ. ನನಗಾದ ಸಮಾಧಾನ ಹೇಳತೀರದು. ನಾಗಪ್ಪ ತಿರುಗಿ ಬಂದ ಎಂದುಕೊಂಡೆ. ಮುಖವನ್ನು ಎಡಕ್ಕೆ, ಮಾಪಕದ ಕಡೆ ತಿರುಗಿಸಿದೆ. ತಿರುಗಿಸಿದೆ ಎನ್ನುವುದಕ್ಕಿಂತ ಅದು ತಾನೇ ತಿರುಗಿತು. ಐದೂ ಬೆರಳು ಹಿಡಿದೆ: ನನ್ನಲ್ಲಿ ಐವತ್ತಿದೆ. ಆ ಕೈ ನಾಲ್ಕು ಬೆರಳು ಹಿಡಿಯಿತು. ನನಗೆ ಸಿಟ್ಟು ಬಂತು. ನನ್ನ ಗಾಳಿ ಇವನಿಗೇನು ಗೊತ್ತು? ಮಾಪಕ ನೋಡಿದೆ. ನಲವತ್ತಾಗಿತ್ತು. ಹೆದರಿದವನು ಗಾಳಿಯನ್ನು ಬೇಗ ಕುಡಿಯುತ್ತಾನೆ.

ಕೈ ನನ್ನನ್ನು ಎಳೆದುಕೊಂಡು ಹೊರಟಿತು. ಅವಸರವಿರಲಿಲ್ಲ. ನಾನು ನಾಲ್ಕು ಹಿಡಿದರೆ ಅದು ಮೂರು ಎಂದಿತು, ಮೂರಕ್ಕೆ ಎರಡು ಎಂದಿತು. ಪ್ರತಿ ಸಲ ಒಂದು ಕಡಿಮೆ, ಹಟದ ಗಿರಾಕಿಯ ಹಾಗೆ. ಪ್ರತಿ ಸಲ ಮಾಪಕದ ಮುಳ್ಳು ಅದರ ಮಾತಿಗೆ ಇಳಿಯಿತು. ಅಂಗೈ ಅಗಲವಾಗಿತ್ತು, ದಡ್ಡುಗಟ್ಟಿತ್ತು. ಬೆರಳುಗಳಲ್ಲಿ ಉಂಗುರ ಇರಲಿಲ್ಲ. ಅದು ನನ್ನ ಗಮನಕ್ಕೆ ಬಂತು. ನಾಗಪ್ಪನ ಉಂಗುರ ನೀರಲ್ಲಿ ಜಾರಿ ಹೋಗಿರಬೇಕು, ಪಾಪ, ಎಂದುಕೊಂಡೆ. ಒಂದು ಮೊಳ ದೂರ ಕಾಣುತ್ತಿತ್ತು ಎಂದು ಆಗಲೇ ಹೇಳಿದೆ. ಅಂದರೆ ಕತ್ತು ತಿರುಗಿಸಿದ್ದರೆ ಮುಂಗೈಯಾದರೂ ಕಾಣುತ್ತಿತ್ತು. ನಾನು ತಿರುಗಿಸಲಿಲ್ಲ.

ಕೊನೆಗೆ ಅದು ಒಂದೇ ಬೆರಳು ಒತ್ತಿ, ನನ್ನ ಅಂಗೈಯನ್ನು ಒಂದು ಒರಟಾದ ವಸ್ತುವಿನ ಮೇಲಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಒಂದೊಂದಾಗಿ ಮುಚ್ಚಿತು. ಹಗ್ಗ. ವ್ಯಾಪಾರ ಮುಗಿದ ಮೇಲೆ ಮುಖ ನೋಡಬಹುದು, ನೋಡಿ ನಗಬೇಕು, ಅದೂ ಪದ್ಧತಿಯೇ. ಆಗ ತಿರುಗಿದೆ. ಕೆಂಪು ನೀರು, ಅಷ್ಟೇ.

ಮೇಲೆ ಬಂದು ದೋಣಿಯ ಅಂಚು ಹಿಡಿದಾಗ, ನನ್ನ ರಟ್ಟೆಗೆ ಕೈ ಹಾಕಿ ಎಳೆದುಕೊಂಡವನು ನಾಗಪ್ಪ. ಅವನ ಸಿಲಿಂಡರು ಬಿಚ್ಚಿ ಬದಿಗಿಟ್ಟಿತ್ತು. ತಾಮ್ರದ ಉಂಗುರ ಬೆರಳಲ್ಲೇ ಇತ್ತು.

"ಎಲ್ಲಿದ್ದೆಲೇ? ಮ್ಯಾಲ ಬಾ ಅಂತ ಸನ್ನಿ ಮಾಡೀನಿ, ಹೂಂ ಅಂತ ಕೈ ಒತ್ತಿ ಅಲ್ಲೇ ಕುಂತೀಯಲ್ಲ!"

"ನೀ ಈಗ ಬಂದೇನು?"

"ಈಗ? ಮೂಗಿನ ರಕ್ತ ಒಣಗಿ ಹಪ್ಪಳ ಆಗೇತಿ ನೋಡು."

"ಹಂಗಾರ ನನ್ನ ಹಗ್ಗದ ತನಕ ಕರ್ಕೊಂಡ ಬಂದಾಂವ ಯಾರ?"

ನಾಗಪ್ಪ ಪೀಟರನ ಕಡೆ ನೋಡಿದ. ಪೀಟರ್ ನೀರು ನೋಡುತ್ತಿದ್ದ. ನಾನು ಬರುವ ಮುನ್ನ ಅವರಿಬ್ಬರ ನಡುವೆ ಆದದ್ದನ್ನು ಆಮೇಲೆ ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿದರು, ಎರಡೂ ಒಂದೇ ಆಗಿದ್ದವು. ಕೆಳಗಿದ್ದವನು ಉಸಿರು ಬಿಟ್ಟಂತೆಲ್ಲ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ, ದೋಣಿಯಲ್ಲಿ ಕಾಯುವವನು ಅದನ್ನೇ ನೋಡುತ್ತಿರುತ್ತಾನೆ. ಪೀಟರ್ ಕೆಸರಿನ ನೀರಿನ ಮೇಲೆ ಗುಳ್ಳೆಗಳನ್ನು ಕಂಡು, "ಅಗೋ, ಇಬ್ಬರೂ ಒಟ್ಟಿಗೆ ಬರುತ್ತಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿದ. ಹೇಳಿ, ಯಾರಿಗೆ ಹೇಳುತ್ತಿದ್ದೇನೆ ಎಂದು ತಿರುಗಿ ನೋಡಿದ. ಬಾಜೂಕ್ಕೆ ನಾಗಪ್ಪ ಮೂಗು ಒರೆಸಿಕೊಳ್ಳುತ್ತ ಕೂತಿದ್ದ.

ಗುಳ್ಳೆಗಳದು ಎರಡು ಸಾಲು ಇತ್ತಂತೆ, ನಡುವೆ ಒಂದು ಮಾರಿನ ಅಂತರ. ನಾನು ಮೇಲೆದ್ದಾಗ ಒಂದು ಸಾಲು ನಿಂತಿತು. ಇನ್ನೊಂದು ಹಗ್ಗದ ಬಳಿಯೇ ಏಳುತ್ತಿತ್ತು. ಪೀಟರ್ ಮೆಲ್ಲಗೆ ಕೇಳಿದ, "ಅವನು ಯಾಕೆ ಮೇಲೆ ಬರುತ್ತಿಲ್ಲ?"

ನಾನು ಆಗ ದೋಣಿಯ ಆಚೆ ಬದಿಗೆ ಬಾಗಿ ವಾಂತಿ ಮಾಡುತ್ತಿದ್ದೆ.

ಯಾರಾದರೂ ಕೆಳಗಿದ್ದರೆ? ಮೂವರೂ ಯೋಚಿಸಿದ್ದು ಅದನ್ನೇ, ಬಾಯಿಬಿಟ್ಟು ಹೇಳಿದವನು ನಾಗಪ್ಪ. "ಮನಶ್ಯಾ ಇದ್ರ ಅಂವನ ಗಾಳಿನೂ ಮುಗಿಯಾಕ ಬಂದಿರತೈತಿ." ಮೂಗಿಗೆ ಅರಿವೆ ತುರುಕಿಕೊಂಡಿದ್ದವನು ಅದನ್ನು ಕಿತ್ತು, ಬಿಚ್ಚಿಟ್ಟ ಸಿಲಿಂಡರು ಮತ್ತೆ ಕಟ್ಟಿಕೊಂಡು ಇಳಿದ. ನನ್ನದರಲ್ಲಿ ಗಾಳಿ ಇರಲಿಲ್ಲ. ಇದ್ದಿದ್ದರೆ ಇಳಿಯುತ್ತಿದ್ದೆನೋ ಇಲ್ಲವೋ, ಅದನ್ನು ಆಣೆ ಮಾಡಿ ಹೇಳಲಾರೆ. ಅವನು ಹಗ್ಗದ ಬುಡ ಮುಟ್ಟಿ, ಲಂಗರನ್ನು ತಡವಿ, ಐದು ನಿಮಿಷಕ್ಕೆ ತಿರುಗಿ ಬಂದ. ಅವನು ಇಳಿಯುವಾಗ ಆ ಗುಳ್ಳೆಗಳು ಸೆಳೆತಕ್ಕೆ ಎದುರಾಗಿ, ದ್ವೀಪದ ಕಡೆ ಸರಿದು ನಿಂತುಹೋದವು ಎಂದು ಪೀಟರ್ ಹೇಳಿದ.

"ಯಾರೂ ಇಲ್ಲ," ಎಂದ ನಾಗಪ್ಪ. ಸಿಲಿಂಡರು ಬಿಚ್ಚುತ್ತ, ಯಾರೂ ಕೇಳದೆ, ಮತ್ತೆ ಹೇಳಿದ: "ನಾ ಎರಡೂ ಕೈಲೆ ಹಗ್ಗಾ ಹಿಡದಿದ್ದೆ. ಯಾರಿಗೂ ಕೈ ಖಾಲಿ ಇಡಲಿಲ್ಲ."

ಸಾಹೇಬರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಅವರು ಒಳ್ಳೆಯವರು, ನಗಲಿಲ್ಲ. ಮರುದಿನವೇ ಸುತ್ತಲಿನ ಹಳ್ಳಿಗಳಲ್ಲಿ ಯಾರಾದರೂ ಕಾಣೆಯಾಗಿದ್ದಾರೆಯೇ ಎಂದು ವಿಚಾರಿಸಿದರು. ಯಾರೂ ಆಗಿರಲಿಲ್ಲ. ಕೊಳೆತ ಎಲೆಯ ಕೆಸರಿನಿಂದ ಗುಳ್ಳೆ ಏಳುವುದುಂಟು, ಗಾಳಿ ಕಡಿಮೆಯಾದವನ ತಲೆ ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುವುದೂ ಉಂಟು ಎಂದರು. ಇರಬಹುದು. ಆ ಕಾರಣಗಳನ್ನು ನಾನೂ ಇಷ್ಟು ವರ್ಷ ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಗುಳ್ಳೆಗೆ ಅವು ಸಾಕಾಗುತ್ತವೆ. ಹಗ್ಗಕ್ಕೆ ಸಾಲುವುದಿಲ್ಲ.

ಜನವರಿಯಲ್ಲಿ ರಜೆಗೆ ಮೊರಬಕ್ಕೆ ಬಂದೆ. ಅವ್ವ ಕೇಳಿದವಳೇ ಯಮನೂರಿಗೆ ಹೋಗಿ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಬಂದು ನನ್ನ ಬಾಯಿಗೆ ಹಾಕಿದಳು. ಆ ಮಂಗಳವಾರ ಅಪ್ಪ ಮೈಗೆ ಹುಷಾರಿಲ್ಲದೆ ಮನೆಯಲ್ಲೇ ಮಲಗಿದ್ದನೆಂದು ಅವ್ವ ಹೇಳಿದಳು. ಅಂದರೆ ಅವನ ಕೈ ಎಂದು ಕತೆ ಕಟ್ಟುವವರಿಗೂ ದಾರಿಯಿಲ್ಲ, ಅವನು ಆರಾಮಾಗಿ ಎದ್ದು ನನ್ನೆದುರಿಗೇ ಕೂತಿದ್ದ. ಮೂರನೆಯ ದಿನ ಅಪ್ಪ ಕಟ್ಟೆಗೆ ಕರೆದು ವಲ್ಲಿ ಹೊದಿಸಿ ನನ್ನ ಕೈ ಹಿಡಿದ.

"ಮೊದಲ ಪೂರ್ತಿ ಅಂಗೈ ಮುಟ್ಟಿದ್ನೋ, ಬಟ್ಟಿನ ತುದೀನೋ?"

"ಪೂರ್ತಿ."

"ನೀ ಐದ ಅಂದಿ. ಅಂವಾ?"

"ನಾಕು. ಆಮ್ಯಾಲ ಮೂರು. ಎರಡು. ಒಂದು."

"ಕಡೀಕೆ?"

"ಮುಷ್ಟಿ ಮುಚ್ಚಿದ."

"ಅಂವಾ ಮುಚ್ಚಿದ್ನೋ, ನೀ ಮುಚ್ಚಿದ್ಯೋ? ಛಲೋತ್ನಂಗ ನೆನಸ್ಕೊಂಡ ಹೇಳು."

"ಅಂವನ. ಒಂದೊಂದ ಬಟ್ಟು ಮಡಚಿ ಮುಚ್ಚಿದ."

ವಲ್ಲಿಯೊಳಗೆ ಅಪ್ಪನ ಕೈ ಸುಮ್ಮನಾಯಿತು. "ಹಂಗಾರ ಅಂವಾ ಕೊಳ್ಳಾಂವ ಅಲ್ಲ, ತಮ್ಮಾ. ಕೊಳ್ಳಾಂವ ಮುಷ್ಟಿ ಮುಚ್ಚಂಗಿಲ್ಲ. ಮುಚ್ಚಾಂವ ದಲ್ಲಾಳಿ. ನಡುವಿನಾಂವ."

"ಯಾರ ನಡುವ, ಅಪ್ಪಾ?"

"ಒಂದ ಕಡೆ ನೀ ಇದ್ದಿ. ಇನ್ನೊಂದ ಕಡೆ ಯಾರಿದ್ರು ಅಂತ ನನಗೇನ ಗೊತ್ತ? ಹೋದಾಂವ ನೀನು." ವಲ್ಲಿ ತೆಗೆದು ಕೊಡವಿ ಹೆಗಲಿಗೆ ಹಾಕಿಕೊಂಡ. "ಏಳು, ರೊಟ್ಟಿ ಆರತಾವ."

ಆ ಹೊತ್ತಿನಲ್ಲಿ ನಾನು ಬೀದಿಯ ಕಡೆ ನೋಡುತ್ತಿದ್ದೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ ಎಂದು ಅವ್ವ ಹೇಳಿ ಗೊತ್ತಾಯಿತು. ಅದಾದ ಮೇಲೆ ಸಂತೆಯಲ್ಲೂ ಅವನಿಗೆ ಅದೇ ರೂಢಿಯಾಯಿತು. ವಲ್ಲಿಯ ಕೆಳಗೆ ಕೈ ಹಿಡಿದು, ಎದುರಿನವನ ಮುಖವನ್ನು ದಿಟ್ಟಿಸಿ ನೋಡುವುದು. ಜನ ಬಿಡುತ್ತಾರೆಯೇ? "ಏನಪಾ ದಲ್ಲಾಳಿ, ಹಲ್ಲು ನೋಡೂದು ಎತ್ತಿಂದು. ನನ್ನ ಹಲ್ಲೇನ ನೋಡ್ತಿ?" ಎಂದು ಒಬ್ಬ ನಗಾಡಿದರೆ, ಇನ್ನೊಬ್ಬ ಸಿಟ್ಟಾಗಿ ಕೈ ಕಿತ್ತುಕೊಂಡ. ಅಪ್ಪ, "ನೋಡಿ ಇಟ್ಟಿರತೀನಿ ಬಿಡೋ, ನಿನಗೇನ ಕಡಿಮಿ ಆಗತೈತಿ," ಎನ್ನುತ್ತಿದ್ದನಂತೆ. ಎರಡು ವರ್ಷದಲ್ಲಿ ಯಾರೂ ಅವನ ವಲ್ಲಿಯೊಳಗೆ ಕೈ ಇಡದಾದರು. ಅವನು ಸಂತೆ ಬಿಟ್ಟು ಹೊಲ ನೋಡಿಕೊಂಡ. ನಾನು ಅವನ ಕ್ಷಮೆ ಕೇಳಬೇಕೆಂದುಕೊಂಡೇ ಉಳಿದೆ.

ನಾನು ಆ ಕೆಲಸದಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ಅದೇ ದಿಬ್ಬಕ್ಕೆ ಎಷ್ಟೋ ಸಲ ಇಳಿದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಒಂದು ನಿಮಿಷ ಆ ಅಂಚಿನಲ್ಲಿ ಮೊಣಕಾಲೂರಿ, ಬಲಗೈ ಬಿಚ್ಚಿ ಹಿಡಿದು, ಈ ಸಲ ನೋಡಿಯೇ ಬಿಡಬೇಕೆಂದು ಅದನ್ನೇ ನೋಡುತ್ತ ಕಾಯುತ್ತಿದ್ದೆ. ಯಾರೂ ಹಿಡಿಯಲಿಲ್ಲ. ಒಬ್ಬನನ್ನು ಕೆಳಗೆ ಬಿಟ್ಟು ಬಂದೆನೇ ಎಂಬುದು ಒಂದು ಕೊರಗು. ಬಿಟ್ಟು ಬರಲು ಅಲ್ಲಿ ಯಾರೂ ಇರಲೇ ಇಲ್ಲ ಎಂಬುದು ಅದಕ್ಕಿಂತ ದೊಡ್ಡದು.

ಇದನ್ನು ಕಣ್ಣಾರೆ ಕಂಡು ಈಗಲೂ ಬದುಕಿರುವವರು ಇಬ್ಬರು. ಒಬ್ಬ ಪೀಟರ್. ಅಲ್ಲೇ ಮಗಳ ಮನೆಯಲ್ಲಿದ್ದಾನೆ, ಒಂದು ಕಣ್ಣಿಗೆ ಪೊರೆ ಬಂದಿದೆ. ಎರಡು ಸಾಲು ಎಂದು ಅಂದು ಹೇಳಿದ್ದನ್ನು ಇಂದಿಗೂ ಬದಲಿಸಿಲ್ಲ. ಇನ್ನೊಬ್ಬ ದೇವಿಕೊಪ್ಪದ ನಾಗಪ್ಪ. ಭತ್ತ ಬೆಳೆದುಕೊಂಡು ಆರಾಮಾಗಿದ್ದಾನೆ. ಕೇಳಿದರೆ ಎರಡನೆಯ ಸಾಲು ಎಲ್ಲಿಂದ ಹಗ್ಗದ ತನಕ ಬಂತೆಂದು ಅಂಗಳದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸುತ್ತಾನೆ. ತಿಳಿಯಬೇಕೆನಿಸಿದವರು ಅವರನ್ನು ಕೇಳಬೇಕು. ನಾನು ಕೈ ಹಿಡಿದವನು ಮಾತ್ರ, ನಾನು ಏನನ್ನೂ ನೋಡಲಿಲ್ಲ.